ಐದು ಸಾವಿರ ಉಳಿಸಲು ಹೋಗಿ

ಉಡುಪಿಯ ಉಪ್ಪುಗಾಳಿ ಕಾರಿನ ತಗಡನ್ನು ಅಡಿಯಿಂದ ತಿನ್ನುತ್ತಾ ಬರುತ್ತದೆ. ನನ್ನ ಮಾರುತಿ 800ರ ಬಾಗಿಲು ತೆಗೆದರೆ ಸಾಕು, ರನ್ನಿಂಗ್ ಬೋರ್ಡಿನಿಂದ ತುಕ್ಕಿನ ಪುಡಿ ಉದುರುತ್ತಿತ್ತು. ಟಿಂಕರಿಂಗ್ ಕೆಲಸದವರನ್ನು ಕರೆಸಿದೆ. ಅಲ್ಲಲ್ಲಿ ಕುಟ್ಟಿ ನೋಡಿ, "ಎರಡೂ ಬದಿಗೆ 16,000 ಆಗ್ತದೆ ಮಾರಾಯ್ರೆ. ಹಳೇ ತಗಡು ನೀವೇ ಬಿಡಿಸಿಟ್ಟರೆ 11,000 ಸಾಕು, ಮನೆಗೇ ಬಂದು ವೆಲ್ಡಿಂಗ್ ಮಾಡಿ ಕೊಡ್ತೇನೆ" ಎಂದರು.

ಐದು ಸಾವಿರದ ಆಸೆ ಹುಟ್ಟಿತು. ಅವತ್ತೇ ಹೋಗಿ 2,200 ರೂಪಾಯಿಗೆ ನಾಲ್ಕಿಂಚಿನ ಗ್ರೈಂಡರ್, 300ಕ್ಕೆ ಹತ್ತು ಕಟಿಂಗ್ ವೀಲ್, 400ಕ್ಕೆ ಕನ್ನಡಕ, ಕೈಗವಸು ತಂದೆ.

ಎಡಬದಿಯ ತಗಡು ಅರ್ಧ ಗಂಟೆಯಲ್ಲಿ ಕಳಚಿ ಬಂತು. ಖುಷಿಯಿಂದ ಬಗ್ಗಿ ನೋಡಿದರೆ ಒಳಗಿನ ಗಟ್ಟಿ ತಗಡಿನ ಮೇಲೂ ಉದ್ದಕ್ಕೂ ಗೀರು, ಎರಡು ಕಡೆ ತೂತು. ಕಾರಿನ ತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರ್ ಕೂಡ ದಪ್ಪವಿರುವುದಿಲ್ಲ. ಗ್ರೈಂಡರಿನ ಚಕ್ರಕ್ಕೆ ಮೇಲಿನ ಪದರ ಯಾವುದು, ಕೆಳಗಿನದು ಯಾವುದು ಎಂಬ ಭೇದವಿಲ್ಲ. ಆ ಗೀರು, ತೂತು ತುಂಬಿಸಲು 3,000 ಹೆಚ್ಚುವರಿ ತೆತ್ತೆ.

"ಸ್ಪಾಟ್ ವೆಲ್ಡ್ ಬಿಡಿಸುವ ಬಿಟ್ ಬೇರೆಯೇ ಸಿಗ್ತದಲ್ಲ" ಎಂದು ಟಿಂಕರಿಂಗಿನವರು ಆಮೇಲೆ ಹೇಳಿದರು. ತಗಡಿನ ಪದರಗಳನ್ನು ಚುಕ್ಕೆ ಚುಕ್ಕೆಯಾಗಿ ಕೂಡಿಸುವ ಬೆಸುಗೆಯೇ ಸ್ಪಾಟ್ ವೆಲ್ಡ್. ಅದನ್ನು ಬಿಡಿಸುವುದು 550 ರೂಪಾಯಿಯ ಎಂಟು ಮಿಲಿಮೀಟರಿನ ಡ್ರಿಲ್ ಬಿಟ್. ಮಾಮೂಲಿ ಬಿಟ್ಟಿನ ಮೊನೆ ಎರಡೂ ಪದರ ಕೊರೆದು ಹೋಗುತ್ತದೆ. ಇದರ ತುದಿ ಹೆಚ್ಚುಕಡಿಮೆ ಚಪ್ಪಟೆ. ಮೇಲಿನ ಪದರವನ್ನಷ್ಟೇ ಬೆಸುಗೆಯಿಂದ ಬೇರ್ಪಡಿಸುತ್ತದೆ. ಬಣ್ಣ ಕೆರೆದರೆ ಬೆಸುಗೆಯ ಚುಕ್ಕೆಗಳು ಸಾಲಾಗಿ ಕಾಣುತ್ತವೆ. ಪ್ರತಿಯೊಂದಕ್ಕೂ ಪಂಚ್ ಹೊಡೆದು, ಒಂದು ತೊಟ್ಟು ಎಣ್ಣೆ ಬಿಟ್ಟು, ಪಕ್ಕದ ಮನೆಯ ಡ್ರಿಲ್ಲನ್ನು ನಿಧಾನಕ್ಕೆ ಓಡಿಸಿದೆ. ಮನೆಯಲ್ಲಿದ್ದ ಚಾಣದಿಂದ ಸಂದಿ ಬಿಡಿಸಿದೆ. ಬಲಬದಿಗೆ ಇಡೀ ಭಾನುವಾರ ಹಿಡಿಯಿತು. ಒಳತಗಡಿಗೆ ಗೀರಿಲ್ಲ.

ಈಗ ಲೆಕ್ಕ. ಉಳಿದದ್ದು 5,000. ಖರ್ಚು 2,200, 300, 400, 3,000, 550, ಒಟ್ಟು 6,450. ಅಂದರೆ 1,450 ನಷ್ಟ, ಭಾನುವಾರದ ಕೂಲಿ ಬಿಟ್ಟು. ಬಿಟ್ಟನ್ನೇ ಮೊದಲು ಕೊಂಡು, ಬೆಸುಗೆಯಿಲ್ಲದ ಎರಡು ತುದಿ ಕೊಯ್ಯಲು ಮಾತ್ರ ಗ್ರೈಂಡರನ್ನು ದಿನಕ್ಕೆ 250ರಂತೆ ಎರಡು ದಿನ ಬಾಡಿಗೆಗೆ ತಂದಿದ್ದರೆ, ವೀಲ್ ಮತ್ತು ಕನ್ನಡಕ ಸೇರಿಸಿಯೂ 1,750ರಲ್ಲಿ ಮುಗಿಯುತ್ತಿತ್ತು, 3,250 ಜೇಬಿನಲ್ಲಿರುತ್ತಿತ್ತು. ತಗಡು ಬಿಡಿಸಲು ಗಾಳಿಯ ಒತ್ತಡದಲ್ಲಿ ನಡೆಯುವ ಉಳಿ ಇನ್ನೂ ಚುರುಕು, ಆದರೆ ಅದಕ್ಕೆ ಕಂಪ್ರೆಸರ್ ಬೇಕು. 2014ರಲ್ಲೇ ತಯಾರಿಕೆ ನಿಂತ ಕಾರಿಗೆ ಅದು ಮೂಗಿಗಿಂತ ಮೂಗುತಿ ಭಾರ. ಗ್ಯಾಸ್ ಕಟಿಂಗ್ ಬೇಡವೇ ಬೇಡ. ಅದರ ಶಾಖಕ್ಕೆ ತೆಳು ತಗಡು ಸೊಟ್ಟಗಾಗುತ್ತದೆ.

ಸುರಕ್ಷತೆಯಲ್ಲಿ ಮಾತ್ರ ಜಿಪುಣತನ ಸಲ್ಲದು. ಕಟಿಂಗ್ ವೀಲಿನ ಮೇಲೆ ಮುದ್ರಿಸಿದ ವೇಗ ಗ್ರೈಂಡರಿನ ವೇಗಕ್ಕಿಂತ ಕಡಿಮೆ ಇರಬಾರದು; ನಡುವಿನ ಲೋಹದ ಉಂಗುರದಲ್ಲಿ ಸಾಮಾನ್ಯವಾಗಿ ಅವಧಿ ಮುಗಿಯುವ ದಿನಾಂಕವೂ ಇರುತ್ತದೆ, ಓದಿ. ಕಿಡಿ ಹಾರುವ ಮೊದಲು ಬ್ಯಾಟರಿಯ ತಂತಿ ಕಳಚಿ, ಕಾರ್ಪೆಟ್ ತೆಗೆಯಿರಿ, ಪೆಟ್ರೋಲ್ ಟ್ಯಾಂಕ್ ಎಲ್ಲಿದೆ ನೋಡಿಕೊಳ್ಳಿ. ಎರಡೂ ಬದಿಯನ್ನು ಒಟ್ಟಿಗೆ ಬಿಚ್ಚಬೇಡಿ, ಬಾಡಿ ಜಗ್ಗುತ್ತದೆ.

ನಿಮ್ಮ ಹಳೇ ಕಾರಿಗೂ ಇಂಥ ಕೆಲಸ ಬಂದರೆ, ಮೊದಲು ಬಣ್ಣ ಕೆರೆದು ಬೆಸುಗೆಯ ಚುಕ್ಕೆ ಎಣಿಸಿ. ಅಂಗಡಿಗೆ ಆಮೇಲೆ ಹೋಗಿ.