ಪೆಟ್ಟಿಗೆಗಳಲ್ಲಿ ಉಳಿದ ಚೈನಾಟೌನ್

ಉತ್ಖನನ ಮುಗಿದ ಮೇಲೆ ಸರಿಯಾದ ವರದಿಯಾಗಲಿ ಪಾಲಕರಾಗಲಿ ಇಲ್ಲದೆ ಉಗ್ರಾಣದಲ್ಲೇ ಉಳಿದುಬಿಡುವ ಅವಶೇಷಗಳನ್ನು ಪುರಾತತ್ತ್ವಜ್ಞರು ಅನಾಥ ಸಂಗ್ರಹಗಳೆನ್ನುತ್ತಾರೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದಲ್ಲಿ ಚೀನೀ ವಲಸಿಗರು 1860ರ ದಶಕದಲ್ಲಿ ಕಟ್ಟಿಕೊಂಡ ಮಾರ್ಕೆಟ್ ಸ್ಟ್ರೀಟ್ ಚೈನಾಟೌನ್, 1887ರ ಮೇ 4ರಂದು ದುರುದ್ದೇಶದಿಂದ ಹಚ್ಚಿದ ಬೆಂಕಿಗೆ ಆಹುತಿಯಾಯಿತು. ಸುಮಾರು ನೂರು ವರ್ಷಗಳ ಬಳಿಕ, ಹೋಟೆಲು ಮೊದಲಾದ ಕಟ್ಟಡಗಳಿಗಾಗಿ ಆ ನೆಲವನ್ನು ತೋಡಿದಾಗ ರಕ್ಷಣಾ ಉತ್ಖನನ, ಅಂದರೆ ಕಾಮಗಾರಿಯಿಂದ ಅಳಿದುಹೋಗಲಿರುವುದನ್ನು ಅವಸರದಲ್ಲಿ ಹೊರತೆಗೆಯುವ ಅಗೆತ, 1985ರಿಂದ 1988ರವರೆಗೆ ನಡೆಯಿತಾದರೂ, ದೊರೆತ ವಸ್ತುಗಳು ಸಮಗ್ರ ಅಧ್ಯಯನವಿಲ್ಲದೆ ಪೆಟ್ಟಿಗೆ ಸೇರಿದವು.

2002ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಾರ್ಬರಾ ವಾಸ್ ಅವರ ನೇತೃತ್ವದಲ್ಲಿ, ಹಿಸ್ಟರಿ ಸ್ಯಾನ್ ಹೋಸೆ ಎಂಬ ಇತಿಹಾಸ ಸಂಸ್ಥೆ ಹಾಗೂ ಚೈನೀಸ್ ಹಿಸ್ಟಾರಿಕಲ್ ಅಂಡ್ ಕಲ್ಚರಲ್ ಪ್ರಾಜೆಕ್ಟ್ ಎಂಬ ಸಮುದಾಯ ಸಂಸ್ಥೆಯ ಸಹಭಾಗಿತ್ವದೊಂದಿಗೆ, ಆ ಪೆಟ್ಟಿಗೆಗಳನ್ನು ಮತ್ತೆ ತೆರೆಯಲಾಯಿತು. ಇಂಥ ಕೆಲಸ ಕಲಿಸುವ ಮೊದಲ ಪಾಠವೆಂದರೆ, ವಸ್ತುವಿಗಿಂತ ಅದರ ಜತೆಗಿರುವ ಚೀಟಿಯೇ ಹೆಚ್ಚು ಬೆಲೆಯುಳ್ಳದ್ದು. ಯಾವ ಕಸದ ಗುಂಡಿಯಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತೆಂಬ ದಾಖಲೆ ಕಳೆದರೆ ಸುಂದರವಾದ ಬಟ್ಟಲೂ ಬರಿಯ ಬಟ್ಟಲಾಗಿ ಉಳಿಯುತ್ತದೆ.

ಆ ಪೆಟ್ಟಿಗೆಗಳಲ್ಲಿದ್ದ ಬಟ್ಟಲುಗಳಲ್ಲಿ ಕೆಲವನ್ನು ಹತ್ತಿರದಿಂದ ನೋಡಿದರೆ, ಮೆರುಗಿನ ಮೇಲೆ ಚೂಪಾದ ಮೊನೆಯಿಂದ ಚುಕ್ಕಿಚುಕ್ಕಿಯಾಗಿ ಕುಟ್ಟಿದ ಚೀನೀ ಅಕ್ಷರಗಳು ಕಾಣುತ್ತವೆ. ಕನ್ನಡ ನಾಡಿನ ಮನೆಗಳಲ್ಲಿ ಸ್ಟೀಲ್ ಪಾತ್ರೆಗೆ ಹೆಸರು ಹಾಕಿಸುವಂತೆಯೇ, ಹಲವರು ಒಟ್ಟಿಗೆ ಉಣ್ಣುತ್ತಿದ್ದ ವಸತಿಯಲ್ಲಿ ಇದು ತನ್ನದೆಂದು ಗುರುತಿಸಿಕೊಳ್ಳಲು ಯಾರೋ ಮಾಡಿಕೊಂಡ ಗುರುತು ಇದಾಗಿರಬಹುದು. ಕೂಲಿಗಳೆಂದು ಒಟ್ಟಾಗಿ ಎಣಿಸಲ್ಪಟ್ಟವರು ಒಬ್ಬೊಬ್ಬರಾಗಿ ಎದುರಾಗುವುದು ಇಲ್ಲಿಯೇ.

ಸಾರ್ವಜನಿಕ ಪುರಾತತ್ತ್ವವೆಂದರೆ ಪ್ರದರ್ಶನಕ್ಕೆ ಜನರನ್ನು ಕರೆಯುವುದಷ್ಟೇ ಅಲ್ಲ, ಪ್ರಶ್ನೆ ರೂಪಿಸುವ ಹಂತದಲ್ಲೇ ಅವರನ್ನು ಸೇರಿಸಿಕೊಳ್ಳುವುದು. ಚೀನೀ ಪಾತ್ರೆಗಳೆಷ್ಟು, ಪಾಶ್ಚಾತ್ಯ ಪಾತ್ರೆಗಳೆಷ್ಟು ಎಂದು ಎಣಿಸಿ ವಲಸಿಗರು ಎಷ್ಟರಮಟ್ಟಿಗೆ ಅಮೆರಿಕನ್ನರಾದರೆಂದು ಅಳೆಯುವುದು ಹಿಂದೆ ರೂಢಿಯಾಗಿತ್ತು. ಆದರೆ ಪೂರ್ವಿಕರು ಇಲ್ಲಿ ಹೇಗೆ ಬದುಕಿದರು, ಏನು ಉಂಡರು ಎಂದು ತಿಳಿಯಬಯಸುವ ಕುಟುಂಬಗಳಿಗೆ ಆ ಲೆಕ್ಕದಿಂದ ಏನೂ ದಕ್ಕುವುದಿಲ್ಲ, ಮತ್ತು ಎರಡೂ ಬಗೆಯ ಪಾತ್ರೆಗಳು ಒಂದೇ ನೆಲೆಯಲ್ಲಿ ದೊರೆತಿರುವಾಗ ಆ ಅಳತೆಗೋಲೇ ಸಂಶಯಾಸ್ಪದವಾಗುತ್ತದೆ.

ಹಾಗೆಂದು ಜನರ ಉತ್ಸಾಹ ಎಲ್ಲವನ್ನೂ ಸರಿಪಡಿಸದು. ಅಗೆಯುವ ದಿನ ಬರೆಯದೆ ಬಿಟ್ಟ ವಿವರವನ್ನು ಎಷ್ಟು ಸ್ವಯಂಸೇವಕರು ಕೂತು ಪಟ್ಟಿ ಮಾಡಿದರೂ ಮರಳಿ ಪಡೆಯಲಾಗದು. ಆದ್ದರಿಂದ ಕಟ್ಟಡಕ್ಕೆ ಅನುಮತಿ ಕೊಡುವಾಗಲೇ ಅಗೆತದ ವೆಚ್ಚದೊಂದಿಗೆ ವಿಂಗಡಣೆ, ಅಧ್ಯಯನ ಮತ್ತು ಸಂರಕ್ಷಣೆಯ ವೆಚ್ಚವನ್ನೂ ಸೇರಿಸಿ ನಿಗದಿಪಡಿಸುವುದು ಅತ್ಯಗತ್ಯ.