ಬಣ್ಣಕ್ಕೆ ಮೊದಲು ನೀರು ಬಿಟ್ಟು ನೋಡು

ಟೆನಿಸ್ ಕೋರ್ಟಿಗೆ ಅಕ್ರಿಲಿಕ್ ಹಾಕುವ ಕೆಲಸ ಹಿಡಿದಿದ್ದೀಯಂತೆ, ಬಹಳ ಸಂತೋಷ ಮಗಾ. ಕೈಚಳಕ ನಿನಗಿದೆ, ಲೆಕ್ಕಾಚಾರವೂ ಬರುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂದರೆ ಮುಖ ಊದಿಸಿಕೊಳ್ಳುತ್ತೀಯ, ಆದರೂ ಹೇಳುತ್ತೇನೆ, ಕೇಳು.

ನೀಲಿ, ಹಸಿರು ಡಬ್ಬಿಗಳ ಮೇಲೆ ನಿನ್ನ ಕಣ್ಣು. ಅದು ಮೇಲಿನ ತೆಳು ಪದರ ಅಷ್ಟೇ. ಅಡಿಯ ಕಾಂಕ್ರೀಟಿನ ತಪ್ಪನ್ನು ಅದು ಮುಚ್ಚುವುದಿಲ್ಲ. ನಮ್ಮ ಕರಾವಳಿಯ ಮುರಕಲ್ಲಿನ ನೆಲ ಜೂನ್‌ನಿಂದ ಸೆಪ್ಟೆಂಬರ್ ತನಕ ನೀರು ಕುಡಿದು ಕೂತಿರುತ್ತದೆ. ಆ ತೇವ ಕಾಂಕ್ರೀಟಿನೊಳಗಿಂದ ಮೇಲೇರಿ, ಬಿಸಿಲಿಗೆ ಆವಿಯಾಗಿ ಬಣ್ಣವನ್ನೇ ಎತ್ತುತ್ತದೆ. ಮೊದಲು ಗುಳ್ಳೆ, ಆಮೇಲೆ ಸಿಪ್ಪೆ. ಅದಕ್ಕೇ ಅಡಿಯಲ್ಲಿ ದಪ್ಪ ಪಾಲಿಥೀನ್ ಹಾಳೆ ಹಾಸುವುದು. ಸರಳು ಕಟ್ಟುವವರು ತುಳಿದು ಅದನ್ನು ತೂತು ಮಾಡದ ಹಾಗೆ ಪಕ್ಕದಲ್ಲೇ ನಿಂತಿರು.

ಮೇಸ್ತ್ರಿ ಕರಣೆಯಲ್ಲಿ ತೀಡಿ ಫಳಫಳ ಮಾಡಿಕೊಡುತ್ತೇನೆ ಅಂದರೆ ಬೇಡ ಅನ್ನು. ಪೊರಕೆ ಎಳೆದ ತರಿ ಇದ್ದರೇ ಬಣ್ಣಕ್ಕೆ ಹಿಡಿತ. ಕಾಂಕ್ರೀಟ್ ಹಾಕಿದ ಮೇಲೆ 28 ದಿನ ಕಾಯಬೇಕು. ಇಪ್ಪತ್ತಕ್ಕೇ ಡಬ್ಬಿ ಒಡೆಯುವವನು ನೀನು, ಗೊತ್ತು ನನಗೆ!

ಇಳಿಜಾರು ಇಡೀ ಕೋರ್ಟಿಗೆ ಒಂದೇ ಕಡೆಗಿರಲಿ: ಹತ್ತು ಅಡಿಗೆ ಒಂದು ಇಂಚು. 60 ಅಡಿ ಅಗಲದಲ್ಲಿ ಒಂದು ಅಂಚಿಗಿಂತ ಇನ್ನೊಂದು ಅಂಚು ಆರು ಇಂಚು ತಗ್ಗು. ಆಡುವವರಿಗೆ ಗೊತ್ತೇ ಆಗುವುದಿಲ್ಲ, ನೀರಿಗೆ ಗೊತ್ತಾಗುತ್ತದೆ. ಆಮೇಲೆ ಕೋರ್ಟಿಗೆಲ್ಲ ನೀರು ಬಿಡು, ಬಿಸಿಲಲ್ಲಿ ಒಂದು ಗಂಟೆ ಕಾದು ನೋಡು. ಎಲ್ಲಿ ನೀರು ನಿಂತಿದೆಯೋ ಅಲ್ಲಿ ಒಂದು ರೂಪಾಯಿ ನಾಣ್ಯ ಇಡು. ನಾಣ್ಯ ಮುಳುಗಿದರೆ ಅದು ಗುಂಡಿ. ಗುರುತು ಹಾಕಿ ತುಂಬಿಸಿ, ಒಣಗಿದ ಮೇಲೆ ಮತ್ತೆ ನೀರು ಬಿಡು. ಇಲ್ಲೊಂದು ದಿನ ಉಳಿಸಿದರೆ ಮಳೆಗಾಲದಲ್ಲಿ ಅದೇ ಜಾಗದಲ್ಲಿ ಪಾಚಿ ಕಟ್ಟಿ, ಓಡುವ ಮಗು ಜಾರಿ ಬೀಳುತ್ತದೆ. ಅದು ನಿನ್ನ ಹೊಣೆ.

ಬಣ್ಣಕ್ಕೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡು. ಮಧ್ಯಾಹ್ನ ನೆಲ ಕಾದ ಕಾವಲಿ. ಬಣ್ಣ ಎಳೆಯುವ ಮೊದಲೇ ಒಣಗಿ ಪಟ್ಟೆ ಬೀಳುತ್ತದೆ. ತೆಳ್ಳಗೆ ಎಳೆ, ಒಂದು ಕೋಟ್ ಪೂರ್ತಿ ಒಣಗಿದ ಮೇಲೇ ಇನ್ನೊಂದು. ಬಣ್ಣದಲ್ಲಿರುವ ಮರಳು ತಳಕ್ಕಿಳಿಯುತ್ತದೆ, ಕಲಕುತ್ತಲೇ ಇರಬೇಕು.

ಮೇ ತಿಂಗಳಲ್ಲಿ ಕ್ಲಬ್ಬಿನವರು ಉದ್ಘಾಟನೆಗೆ ಮುಹೂರ್ತ ಇಟ್ಟಾಯಿತು ಅಂತ ಒತ್ತಾಯಿಸುತ್ತಾರೆ. ಮಳೆ ಹತ್ತಿರವಿರುವಾಗ ಬಣ್ಣ ಹಾಕಲು ಆಗುವುದಿಲ್ಲ ಅಂತ ನೇರ ಹೇಳು. ನೀರು ಬಿಡುವ ದಿನ ನನಗೊಂದು ಫೋನ್ ಮಾಡು, ಸೀಮೆಸುಣ್ಣ ಹಿಡಿದುಕೊಂಡು ನಾನೂ ಬರುತ್ತೇನೆ.