ಮನೆಯ ಹಿತ್ತಿಲಿನಲ್ಲಿ ಕೋಳಿಸಾಕಣೆ: ಮರಿಯಿಂದ ಮೊಟ್ಟೆಯವರೆಗೆ

ನಮ್ಮ ಗ್ರಾಮಗಳಲ್ಲಿ ಕೋಳಿಯ ಕೂಗು ಕೇಳಿಬರದ ಕೇರಿಯು ವಿರಳ. ಆದರೆ ಕೋಳಿಸಾಕಣೆಯನ್ನು ವ್ಯವಸಾಯದ ಒಂದು ಅಂಗವೆಂದು ಎಣಿಸುವ ಜಮೀನುದಾರರು ಅದಕ್ಕಿಂತಲೂ ವಿರಳ. ಹಸುವಿಗೆ ಇಷ್ಟು ಹಿಂಡಿ, ಎತ್ತಿಗೆ ಇಷ್ಟು ಹುರುಳಿ ಎಂದು ಲೆಕ್ಕವಿಡುವ ಯಜಮಾನರೇ ಕೋಳಿಯ ಮಾತು ಬಂದೊಡನೆ ‘ಅದು ಹೆಂಗಸರ ಕೆಲಸ’ ಎಂದು ಹೇಳಿ ಸುಮ್ಮನಾಗುವರು. ದಿನದಿನದ ಕೆಲಸವು ಹೆಂಗಸರದೂ ಮಕ್ಕಳದೂ ಎಂಬುದು ನಿಜವೇ. ಆದರೆ ಅವರಿಂದ ಆಗದೆ, ಊರಿನ ಮುಖಂಡರಿಂದ ಮಾತ್ರವೇ ಆಗತಕ್ಕ ಒಂದು ಕಾರ್ಯವು ಇದರಲ್ಲಿ ಉಂಟು. ಅದು ನಡೆಯದಿರುವ ಊರುಗಳಲ್ಲಿ ಬೇಸಗೆ ಬಂದಿತೆಂದರೆ ಹಿತ್ತಿಲುಗಳು ಬರಿದಾಗುತ್ತವೆ. ಮೊದಲು ಮನೆಯ ಮಟ್ಟಿಗೆ ಮಾಡಿಕೊಳ್ಳತಕ್ಕ ಏರ್ಪಾಡುಗಳನ್ನು ತಿಳಿಸಿ, ತರುವಾಯ ಆ ಕಾರ್ಯವನ್ನು ವಿವರಿಸಲಾಗುವುದು.

ನಾಟಿ ಹೇಂಟೆಯು ಒಂದು ಸರದಿಗೆ 10ರಿಂದ 15 ಮೊಟ್ಟೆಗಳನ್ನಿಟ್ಟು ಕಾವಿಗೆ ಕೂರುತ್ತದೆ. ಕಾವು 21 ದಿನ. ಮರಿಗಳ ಪೋಷಣೆಯು ಎರಡು ಮೂರು ತಿಂಗಳು. ಹೀಗೆ ವರ್ಷಕ್ಕೆ ಮೂರು ನಾಲ್ಕು ಸರದಿಗಳು ನಡೆದು ಒಟ್ಟು 50-60 ಮೊಟ್ಟೆಗಳು ದೊರೆಯುತ್ತವೆ. ನಾಲ್ಕು ಹೇಂಟೆಗಳಿರುವ ಮನೆಯಲ್ಲಿ ಪ್ರತಿಯೊಂದೂ ವರ್ಷಕ್ಕೆ ಎರಡು ಸಲ ಕಾವಿಗೆ ಕುಳಿತು, ಸಲಕ್ಕೆ ಎಂಟು ಮರಿಗಳನ್ನು ಹೊರಡಿಸಿತೆಂದು ಇಟ್ಟುಕೊಂಡರೆ 64 ಮರಿಗಳಾದವು. ವಾಚಕರು ದಯವಿಟ್ಟು ತಮ್ಮ ಹಿತ್ತಿಲಿಗೆ ಹೋಗಿ, ಕಳೆದ ವರ್ಷ ಹುಟ್ಟಿದ ಮರಿಗಳಲ್ಲಿ ಎಷ್ಟು ಬೆಳೆದು ನಿಂತಿವೆ, ಎಷ್ಟು ಮಾರಾಟವಾದವು ಎಂಬುದನ್ನು ಮನೆಯಾಕೆಯಿಂದ ಕೇಳಿ ಎಣಿಸಬೇಕು. ಉಳಿದ ವ್ಯತ್ಯಾಸವೇ ನಷ್ಟ. ನಾವು ಮೊಟ್ಟೆ ಕಡಮೆಯೆಂದು ಕೋಳಿಯ ಜಾತಿಯನ್ನು ದೂರುತ್ತೇವೆ. ಆದರೆ ನಷ್ಟದ ಬಹುಭಾಗವು ಮೊಟ್ಟೆಯಲ್ಲಿ ಆಗುವುದಲ್ಲ, ಮರಿಯ ಮೊದಲ ಎಂಟು ವಾರಗಳಲ್ಲಿ ಆಗುತ್ತದೆ.

ಜಾತಿಯ ವಿಚಾರ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೆಬ್ಬಾಳದಲ್ಲಿ ಸಿದ್ಧಪಡಿಸಿ 1989ರಲ್ಲಿ ರೈತರಿಗೆ ಒದಗಿಸಿದ ಗಿರಿರಾಜ, ಅಲ್ಲಿಂದಲೇ 2005ರಲ್ಲಿ ಹೊರಬಂದ ಸ್ವರ್ಣಧಾರ, ಹೈದರಾಬಾದಿನಲ್ಲಿ ಸಿದ್ಧವಾದ ವನರಾಜ ಮತ್ತು ಗ್ರಾಮಪ್ರಿಯ, ಇವೆಲ್ಲವೂ ಹಿತ್ತಿಲಿನಲ್ಲಿ ಮೇದು ಬೆಳೆಯತಕ್ಕ ಬಣ್ಣದ ಕೋಳಿಗಳು. ಒಳ್ಳೆಯ ಪೋಷಣೆಯಿದ್ದರೆ ಇವು ನಾಟಿ ಹೇಂಟೆಗಿಂತ ಎರಡರಷ್ಟು, ಕೆಲವು ಅದಕ್ಕೂ ಹೆಚ್ಚು ಮೊಟ್ಟೆಗಳನ್ನು ಕೊಡುತ್ತವೆ. ಆದರೆ ಎರಡು ಸಂಗತಿಗಳನ್ನು ಮರೆಯಬಾರದು. ಇವು ಕಾವಿಗೆ ಕೂರುವ ಸ್ವಭಾವವನ್ನು ಬಹುಮಟ್ಟಿಗೆ ಕಳೆದುಕೊಂಡಿವೆ. ಮತ್ತು ಮಿಶ್ರತಳಿಗಳಾದುದರಿಂದ ಇವುಗಳ ಮೊಟ್ಟೆಯಿಂದ ಹೊರಟ ಮರಿಗಳು ತಾಯಿಯ ಗುಣವನ್ನು ಪೂರ್ತಿಯಾಗಿ ತೋರಿಸುವುದಿಲ್ಲ. ಆದುದರಿಂದ ಪ್ರತಿಸಲವೂ ಮರಿಗಳನ್ನು ಹೊಸದಾಗಿ ತರಬೇಕಾಗುವುದು. ನಾಟಿ ಕೋಳಿಯಾದರೋ ಚುರುಕು; ಹದ್ದಿನ ನೆರಳನ್ನು ಕಂಡೊಡನೆ ಬೇಲಿಯ ಸಂದಿಗೆ ನುಗ್ಗುತ್ತದೆ. ನನ್ನ ಅಭಿಪ್ರಾಯದಲ್ಲಿ ಮನೆಗೆ ಎರಡು ಮೂರು ಒಳ್ಳೆಯ ನಾಟಿ ಹೇಂಟೆಗಳನ್ನು ತಾಯ್ತನಕ್ಕಾಗಿ ಇಟ್ಟುಕೊಂಡು, ಮೊಟ್ಟೆಗಾಗಿ ಐದಾರು ಸುಧಾರಿತ ಹೇಂಟೆಗಳನ್ನು ಸಾಕುವುದು ಲೇಸು. ಹೊರಗಿನಿಂದ ತಂದ ಒಂದು ದಿನದ ಮರಿಗಳನ್ನು, ಅದೇ ದಿನ ಮರಿ ಮಾಡಿದ ನಾಟಿ ಹೇಂಟೆಯ ರೆಕ್ಕೆಯ ಕೆಳಗೆ ರಾತ್ರಿ ಕತ್ತಲಲ್ಲಿ ಮೆಲ್ಲನೆ ಸೇರಿಸಿದರೆ, ಬೆಳಗಾಗುವಷ್ಟರಲ್ಲಿ ಸಾಮಾನ್ಯವಾಗಿ ಅದು ಅವುಗಳನ್ನು ತನ್ನವೆಂದೇ ತಿಳಿದು ನಡೆಸುತ್ತದೆ.

ಕಾವು. ಕಾವಿಗೆ ಇಡತಕ್ಕ ಮೊಟ್ಟೆಯು ಒಂದು ವಾರಕ್ಕಿಂತ ಹಳೆಯದಾಗಿರಬಾರದು. ಬೇಸಗೆಯಲ್ಲಿ ನಾಲ್ಕು ಐದು ದಿನ ಮಾತ್ರ. ಅಲ್ಲಿಯವರೆಗೆ ಅದನ್ನು ತಣ್ಣನೆಯ ಸ್ಥಳದಲ್ಲಿ, ಚೂಪು ತುದಿಯು ಕೆಳಗಾಗುವಂತೆ ಇಡತಕ್ಕದ್ದು. ತೀರ ಸಣ್ಣದು, ಉದ್ದನೆಯದು, ಸಿಪ್ಪೆ ತೆಳುವಾದದ್ದು ಇವುಗಳನ್ನು ಅಡಿಗೆಗೆ ಕಳುಹಿಸಬೇಕು. ಅಗಲವಾದ ಬುಟ್ಟಿಯ ತಳದಲ್ಲಿ ಬೂದಿಯನ್ನೂ ಮರಳನ್ನೂ ಬೆರೆಸಿ ಹಾಕಿ, ಮೇಲೆ ಒಣಹುಲ್ಲನ್ನು ಹರಡಿ, 10ರಿಂದ 12 ಮೊಟ್ಟೆಗಳನ್ನಿಟ್ಟು, ಹೇಂಟೆಯನ್ನು ಸಂಜೆಯಲ್ಲಿ ಕೂರಿಸತಕ್ಕದ್ದು. ಬೂದಿಯು ಹೇನುಗಳನ್ನು ತಡೆಯುತ್ತದೆ. ಹೇನು ಕಡಿದ ಹೇಂಟೆಯು ಕಾವನ್ನು ಬಿಟ್ಟು ಏಳುತ್ತದೆ. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಬುಟ್ಟಿಯಲ್ಲಿ ಕಬ್ಬಿಣದ ಚೂರನ್ನು ಇಡುವ ಪದ್ಧತಿಯು ಕೆಲವೆಡೆ ಉಂಟು. ಇಟ್ಟರೆ ಕೇಡೇನೂ ಇಲ್ಲ. ಆದರೆ ಮಳೆಗಾಲಕ್ಕೆ ಮುಂಚಿನ ಸೆಕೆಯಲ್ಲಿ ಹಳೆಯ ಮೊಟ್ಟೆಗಳನ್ನಿಟ್ಟು ಗುಡುಗನ್ನು ದೂರುವುದು ನ್ಯಾಯವಲ್ಲ. ಏಳನೆಯ ದಿನ ರಾತ್ರಿ ಮೊಟ್ಟೆಯನ್ನು ಟಾರ್ಚಿನ ಬೆಳಕಿಗೆ ಹಿಡಿದು ನೋಡಿದರೆ, ಜೀವವಿರುವ ಮೊಟ್ಟೆಯಲ್ಲಿ ಜೇಡನ ಬಲೆಯಂತೆ ಕೆಂಪು ನಾಳಗಳು ಕಾಣಿಸುತ್ತವೆ. ಏನೂ ಕಾಣದೆ ತಿಳಿಯಾಗಿರುವುವನ್ನು ತೆಗೆದುಬಿಡಬೇಕು. ಈ ಪರೀಕ್ಷೆಯನ್ನು ಮನೆಯ ಮಕ್ಕಳಿಗೆ ಕಲಿಸಿಕೊಟ್ಟರೆ ಅವರು ಪ್ರತಿದಿನವೂ ಅದನ್ನೇ ಮಾಡುವೆವೆಂದು ಹಟ ಹಿಡಿಯುವರು, ಹಾಗೆ ಮಾಡಗೊಡಬಾರದು.

ಮರಿಗಳ ಪಾಲನೆ. ಹೊರಬಂದ ಮರಿಯ ಹೊಟ್ಟೆಯಲ್ಲಿ ಹಳದಿ ಭಂಡಾರವು ಇನ್ನೂ ಇರುವುದರಿಂದ ಮೊದಲ ದಿನ ಆಹಾರಕ್ಕೆ ಆತುರವಿಲ್ಲ. ಮೊದಲು ಸ್ವಲ್ಪ ಬೆಲ್ಲ ಬೆರೆಸಿದ ಕಾದಾರಿದ ನೀರು, ಆಮೇಲೆ ಸಣ್ಣ ನುಚ್ಚು. ನೀರಿನ ತಟ್ಟೆಯು ಆಳವಾಗಿರಕೂಡದು. ತಟ್ಟೆಯ ನಡುವೆ ಒಂದು ಕಲ್ಲನ್ನಿಟ್ಟರೆ ಮರಿಗಳು ಮುಳುಗುವುದೂ ನೆನೆಯುವುದೂ ತಪ್ಪುತ್ತದೆ. ನೆನೆದ ಮರಿಯು ಉಳಿಯುವುದು ಕಷ್ಟ.

ತಾಯಿಯಿಲ್ಲದ ಮರಿಗಳಿಗೆ ವಿದ್ಯುದ್ದೀಪದ ಕಾವು ಬೇಕು. ಮೊದಲನೆಯ ವಾರ 95 ಡಿಗ್ರಿ ಫ್ಯಾರನ್‌ಹೀಟ್ ಉಷ್ಣವಿರಬೇಕು. ಆಮೇಲೆ ವಾರಕ್ಕೆ 5 ಡಿಗ್ರಿಯಂತೆ ಇಳಿಸುತ್ತ ಬರಬೇಕು. ಮರಿಯೊಂದಕ್ಕೆ 2 ವ್ಯಾಟಿನಂತೆ, 30 ಮರಿಗಳಿಗೆ 60 ವ್ಯಾಟಿನ ಹಳೆಯ ಮಾದರಿಯ ತಂತಿದೀಪ ಒಂದು ಸಾಕು. ಈಗಿನ ಎಲ್‌ಇಡಿ ದೀಪಗಳಲ್ಲಿ ಬೆಳಕುಂಟು, ಕಾವಿಲ್ಲ. ಇದನ್ನರಿಯದೆ ಮರಿಗಳನ್ನು ಚಳಿಗೆ ಕೊಟ್ಟ ಮನೆಗಳುಂಟು. ಉಷ್ಣಮಾಪಕವಿಲ್ಲದಿದ್ದರೂ ಮರಿಗಳೇ ಅಳತೆಯನ್ನು ಹೇಳುತ್ತವೆ: ದೀಪದ ಕೆಳಗೆ ಒಂದರ ಮೇಲೊಂದು ಒತ್ತಿ ಚೀರುತ್ತಿದ್ದರೆ ಚಳಿ, ಅಂಚಿಗೆ ಸರಿದು ಬಾಯಿ ತೆರೆದಿದ್ದರೆ ಸೆಕೆ, ಎಲ್ಲೆಡೆ ಹರಡಿ ಮೇಯುತ್ತಿದ್ದರೆ ಸರಿ. ವಿದ್ಯುತ್ತು ನಿಂತುಹೋಗುವ ಊರುಗಳಲ್ಲಿ ನಾಟಿ ಹೇಂಟೆಗೆ ಸಮನಾದ ಯಂತ್ರವನ್ನು ನಾನು ಕಂಡಿಲ್ಲ.

ಹದ್ದು, ಕಾಗೆ, ಮುಂಗುಸಿ, ಬೆಕ್ಕು ಇವು ಮರಿಗಳನ್ನು ಒಯ್ಯುವುದು ಬಹುಶಃ ಮೊದಲ ಆರು ವಾರಗಳಲ್ಲಿಯೇ. ಆದ ಕಾರಣ ತಾಯಿಯನ್ನು ಮರಿಗಳೊಡನೆ ಮೊದಲ ಎರಡು ವಾರ ದೊಡ್ಡ ಮಂಕರಿಯ ಕೆಳಗೆ ಮುಚ್ಚಿಟ್ಟು ಅಲ್ಲಿಯೇ ಮೇವು ನೀರನ್ನು ಕೊಡುವುದೂ, ಆಮೇಲೆ ಮನೆಯವರು ಅಂಗಳದಲ್ಲಿರುವ ಹೊತ್ತಿನಲ್ಲಿ ಮಾತ್ರ ಬಿಡುವುದೂ ಒಳ್ಳೆಯದು. ಈ ಕಾವಲು ಅಜ್ಜಿಯರಿಗೂ ಮಕ್ಕಳಿಗೂ ಹೊಂದಿದ ಕೆಲಸ.

ಮೇವು. ತಿಪ್ಪೆಯೂ ಕಣವೂ ಬೆಳೆದ ಕೋಳಿಗೆ ಅರ್ಧ ಹೊಟ್ಟೆ ತುಂಬಿಸುತ್ತವೆ. ಮರಿಗೆ ಅದು ಸಾಲದು. ಮುಸುಕಿನ ಜೋಳದ ಅಥವಾ ರಾಗಿಯ ನುಚ್ಚು 50 ಭಾಗ, ಕಡಲೆಕಾಯಿ ಹಿಂಡಿಯ ಪುಡಿ 25 ಭಾಗ, ಅಕ್ಕಿಯ ತೌಡು 22 ಭಾಗ, ಖನಿಜ ಲವಣದ ಮಿಶ್ರಣ 3 ಭಾಗ ಕೂಡಿಸಿದರೆ ಮನೆಯ ಮಟ್ಟಿಗೆ ಸಾಕಾದ ಮೇವಾಗುತ್ತದೆ. ಹಳೆಯ ಮಡಕೆಯಲ್ಲಿ ಒಣಸಗಣಿಯನ್ನೂ ಹುಲ್ಲನ್ನೂ ತುಂಬಿ, ನೀರು ಚಿಮುಕಿಸಿ, ಹುತ್ತದ ಬಳಿ ಬೋರಲು ಹಾಕಿದರೆ ಬೆಳಗಿಗೆ ಗೆದ್ದಲು ಸೇರಿರುತ್ತದೆ. ಮರಿಗಳಿಗೆ ಅದಕ್ಕಿಂತ ಅಗ್ಗವಾದ ಪುಷ್ಟಿಯಿಲ್ಲ. ಹಿಂಡಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಬೂಷ್ಟು ಹಿಡಿದ ಹಿಂಡಿಯನ್ನು ‘ಕೋಳಿಗೆ ತಾನೆ’ ಎಂದು ಹಾಕುವುದು ವಾಡಿಕೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಲಕ್ಷದ ಸಂಖ್ಯೆಯಲ್ಲಿ ಸತ್ತಾಗ ಶೋಧಿಸಿ ನೋಡಿದರೆ ಕಾರಣವು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯೇ ಆಗಿತ್ತು. ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು; ಅದು ಕುದಿಸಿದರೂ ಹೋಗುವುದಿಲ್ಲ.

ಬೆಳೆದ ಕೋಳಿಗೆ ಸಂಜೆ ಒಂದು ಹಿಡಿ ಮೇವನ್ನು ಗೂಡಿನ ಬಾಗಿಲಲ್ಲಿಯೇ ಹಾಕತಕ್ಕದ್ದು. ಕೋಳಿಗಳು ತಾವಾಗಿಯೇ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತವೆ, ಎಣಿಸುವುದಕ್ಕೂ ಅನುಕೂಲ.

ಗೂಡು. ಅಡಿಗೆಮನೆಯ ಮೂಲೆ, ಕೊಟ್ಟಿಗೆಯ ತೊಲೆ ಇವು ಕೋಳಿಗಳ ವಸತಿಯಲ್ಲ. ನೆಲದಿಂದ ಎರಡಡಿ ಎತ್ತರದಲ್ಲಿ, ಕೋಳಿಯೊಂದಕ್ಕೆ ಒಂದೂವರೆ ಚದರಡಿಯಂತೆ, ಎರಡು ಪಕ್ಕಗಳಲ್ಲಿ ತಂತಿಬಲೆಯಿರುವ ಮರದ ಗೂಡೊಂದನ್ನು ಊರಿನ ಬಡಗಿಯೇ ಮಾಡಿಕೊಡಬಲ್ಲನು. ಸಂದಿಗಳಲ್ಲಿ ಉಣ್ಣೆಗಳು ಹಗಲು ಅಡಗಿದ್ದು ರಾತ್ರಿ ರಕ್ತವನ್ನು ಹೀರುತ್ತವೆ. ಆದುದರಿಂದ ಬಿರುಕುಗಳನ್ನು ಮುಚ್ಚಿ ಸುಣ್ಣ ಬಳಿಯತಕ್ಕದ್ದು. ಗೂಡಿನ ಹಿಕ್ಕೆಯನ್ನು ವಾರಕ್ಕೊಮ್ಮೆ ತೆಗೆದು ತಿಪ್ಪೆಗೆ ಸೇರಿಸಿದರೆ ತೆಂಗಿಗೂ ತರಕಾರಿಗೂ ಶ್ರೇಷ್ಠವಾದ ಗೊಬ್ಬರ.

ಮೊಟ್ಟೆ. ಸುಧಾರಿತ ಹೇಂಟೆಯು ಐದೂವರೆ ಆರು ತಿಂಗಳಿಗೆ, ನಾಟಿಯು ಆರು ಏಳು ತಿಂಗಳಿಗೆ ಮೊಟ್ಟೆಯಿಡಲು ತೊಡಗುತ್ತದೆ. ಮಂದ ಬೆಳಕಿನ ಮೂಲೆಯಲ್ಲಿ ಒಂದಡಿ ಚೌಕದ ಪೆಟ್ಟಿಗೆಯಲ್ಲಿ ಹುಲ್ಲು ಹಾಕಿ, ಮರದಲ್ಲಿ ಕಡೆದ ಒಂದು ಮೊಟ್ಟೆಯನ್ನಿಟ್ಟರೆ ಹೇಂಟೆಗಳು ಬೇಲಿಯಲ್ಲಿ ಇಡುವುದನ್ನು ಬಿಟ್ಟು ಅಲ್ಲಿಗೆ ಬರುತ್ತವೆ. ಸಿಪ್ಪೆಗಾಗಿ ಚಿಪ್ಪಿನ ಪುಡಿಯನ್ನು ಬೇರೆ ತಟ್ಟೆಯಲ್ಲಿ ಇಡಬೇಕು. ಹುಂಜವಿಲ್ಲದಿದ್ದರೆ ಹೇಂಟೆ ಮೊಟ್ಟೆಯಿಡದೆಂಬುದು ತಪ್ಪು ತಿಳಿವಳಿಕೆ. ತಿನ್ನುವ ಮೊಟ್ಟೆಗೆ ಹುಂಜವು ಬೇಡವೇ ಬೇಡ. ಹುಂಜವಿಲ್ಲದೆ ಇಟ್ಟ ಮೊಟ್ಟೆಯು ಬೇಸಗೆಯಲ್ಲಿ ಹೆಚ್ಚು ದಿನ ಕೆಡದೆ ಇರುತ್ತದೆ. ಮೊಟ್ಟೆಯ ತಾಜಾತನವನ್ನು ತಣ್ಣೀರಿನಲ್ಲಿ ಹಾಕಿ ನೋಡಬಹುದು. ಹೊಸದು ತಳದಲ್ಲಿ ಅಡ್ಡಲಾಗಿ ಮಲಗುತ್ತದೆ, ಹಳೆಯದು ನೆಟ್ಟಗೆ ನಿಲ್ಲುತ್ತದೆ, ತೀರ ಹಳೆಯದು ತೇಲುತ್ತದೆ. ಕಾವು ಹತ್ತಿದ ಹೇಂಟೆಯನ್ನು ಕಾವು ಬಿಡಿಸಬೇಕಾದರೆ ಮೂಗಿನಲ್ಲಿ ಪುಕ್ಕ ಚುಚ್ಚುವ ಕ್ರೌರ್ಯವು ಅನಗತ್ಯ. ಹುಲ್ಲಿಲ್ಲದ, ಗಾಳಿಯಾಡುವ ಪಟ್ಟಿಪಂಜರದಲ್ಲಿ ಮೇವು ನೀರು ಕೊಟ್ಟು ಮೂರು ನಾಲ್ಕು ದಿನ ಇಟ್ಟರೆ ತಾನಾಗಿಯೇ ಬಿಡುತ್ತದೆ. ಮೊಟ್ಟೆಯ ಹಣದ ಲೆಕ್ಕವನ್ನು ಯಜಮಾನರು ತಮ್ಮ ಕೈಗೆ ತೆಗೆದುಕೊಳ್ಳದಿರುವುದು ಉಚಿತ. ತೆಗೆದುಕೊಂಡ ಮನೆಗಳಲ್ಲಿ ಗೂಡಿನ ಬಾಗಿಲು ಹೊತ್ತಿಗೆ ಸರಿಯಾಗಿ ಮುಚ್ಚುವುದಿಲ್ಲ.

ಕೊಕ್ಕರೆ ರೋಗ. ಇನ್ನು ಮೊದಲು ಹೇಳಿದ ಕಾರ್ಯ. ನಮ್ಮ ರೈತರು ಕೊಕ್ಕರೆ ರೋಗವೆಂದು ಕರೆಯುವುದು ರಾಣಿಖೇತ್ ರೋಗವನ್ನು. ಹಿಮಾಲಯದ ಬೆಟ್ಟಸೀಮೆಯ ರಾಣಿಖೇತದಲ್ಲಿ 1920ರ ದಶಕದಲ್ಲಿ ಗುರುತಿಸಲ್ಪಟ್ಟುದರಿಂದ ಅದಕ್ಕೆ ಆ ಹೆಸರು ಬಂದಿತು. ಹಸಿರು ಬಿಳುಪಿನ ಭೇದಿ, ಕೊಕ್ಕು ತೆರೆದು ಉಸಿರಾಡುವುದು, ರೆಕ್ಕೆ ಜೋಲುವುದು, ಕತ್ತು ತಿರುಚಿಕೊಳ್ಳುವುದು ಇದರ ಲಕ್ಷಣಗಳು. ಬಂದ ಮೇಲೆ ಇದಕ್ಕೆ ಔಷಧಿಯಿಲ್ಲ. ಲಸಿಕೆಯಿಲ್ಲದ ಕೇರಿಗೆ ಹೊಕ್ಕರೆ ಹತ್ತರಲ್ಲಿ ಎಂಟು ಒಂಬತ್ತು ಕೋಳಿಗಳು ಹೋಗುವುದುಂಟು. ಆದರೆ ಬಾರದಂತೆ ತಡೆಯುವ ಲಸಿಕೆಯು ಚೆನ್ನಾಗಿ ಪರೀಕ್ಷಿತವಾದುದು, ಬೆಲೆಯೂ ಅಲ್ಪ. ಐದರಿಂದ ಏಳನೆಯ ದಿನದೊಳಗೆ ಮರಿಯ ಕಣ್ಣಿಗೆ ಅಥವಾ ಮೂಗಿಗೆ ಒಂದು ತೊಟ್ಟು. ಎಂಟನೆಯ ವಾರದಲ್ಲಿ ರೆಕ್ಕೆಯ ಚರ್ಮದ ಕೆಳಗೆ ಅರ್ಧ ಮಿಲಿಲೀಟರಿನ ಚುಚ್ಚುಮದ್ದು.

ಹಾಗಾದರೆ ತೊಡಕೇನು? ಲಸಿಕೆಯ ಒಂದು ಸೀಸೆಯು 100 ಅಥವಾ 200 ಕೋಳಿಗಳಿಗೆ ಆಗುವಷ್ಟಿರುತ್ತದೆ. ಅದನ್ನು ಮಂಜುಗಡ್ಡೆಯಲ್ಲಿಯೇ ತರಬೇಕು. ಒಮ್ಮೆ ಕಲಸಿದರೆ ಎರಡು ಗಂಟೆಗಳೊಳಗೆ ಮುಗಿಸಬೇಕು. ಎಂಟು ಕೋಳಿಗಳನ್ನು ಕುಕ್ಕೆಯಲ್ಲಿ ಹೊತ್ತು ಪಶುವೈದ್ಯಶಾಲೆಗೆ ನಡೆದು ಬಂದ ಹೆಣ್ಣುಮಗಳಿಗೆ ಅಲ್ಲಿಯವರು ಒಂದು ಸೀಸೆಯನ್ನು ಒಡೆಯುವುದು ಕಷ್ಟ. ಆಕೆಯು ಹಾಗೆಯೇ ಹಿಂದಿರುಗುವಳು. ಎಂದರೆ ಈ ಲಸಿಕೆಯ ಅಳತೆಯು ಮನೆಯಲ್ಲ, ಊರು. ಒಬ್ಬ ಜಮೀನುದಾರನು ತನ್ನ ಹತ್ತು ಕೋಳಿಗಳಿಗೆ ಮಾತ್ರ ಹಾಕಿಸಿಕೊಂಡು ಸುಖವಾಗಿರುವೆನೆಂದರೂ ಆಗದು; ಕೆರೆಯ ಆಚೆಯ ಕೇರಿಯಲ್ಲಿ ರೋಗವು ಉಳಿದಿದ್ದರೆ ಈತನ ಮುಂದಿನ ಮರಿಗಳಿಗೆ ಅದು ಬಂದೇ ಬರುವುದು.

ಆದುದರಿಂದ ಊರಿನ ಹಿರಿಯರೂ ಪಂಚಾಯಿತಿಯ ಸದಸ್ಯರೂ ಕೂಡಿ, ಸಂಕ್ರಾಂತಿಯ ನಂತರ ಬಿಸಿಲು ಬಲಿಯುವುದಕ್ಕೆ ಮುಂಚೆ ಒಂದು ದಿನವನ್ನು ಗೊತ್ತುಮಾಡಿ, ಪ್ರತಿ ಕೇರಿಯ ಕೋಳಿಗಳನ್ನೂ ಎಣಿಸಿ, ಪಶುಪಾಲನಾ ಇಲಾಖೆಯ ವೈದ್ಯರಿಗೆ ಸಂಖ್ಯೆಯನ್ನು ಮುಂಚಿತವಾಗಿ ತಿಳಿಸತಕ್ಕದ್ದು. ಒಂದು ವಾರ ಮೊದಲು ಜಂತುಹುಳುವಿನ ಔಷಧಿಯನ್ನು ಕುಡಿಸಿದ್ದರೆ ಉತ್ತಮ. ಹಿಂದಿನ ರಾತ್ರಿ ಎಲ್ಲರೂ ಕೋಳಿಗಳನ್ನು ಮುಚ್ಚಿಡಬೇಕೆಂದು ಸಾರಿಸಬೇಕು. ಬೆಳಗ್ಗೆ ಬಿಟ್ಟ ಕೋಳಿಯನ್ನು ಹಿಡಿಯಲು ಹೋದರೆ ಎರಡು ಗಂಟೆ ಬೇಲಿಯಲ್ಲಿಯೇ ಕಳೆಯುವುದು. ಪಶುಸಖಿಯರಿರುವ ಊರುಗಳಲ್ಲಿ ಅವರ ನೆರವು ಬಹಳ ಉಪಯುಕ್ತ. ಯಾವ ಕೇರಿಯನ್ನೂ ಬಿಡಕೂಡದು. ಹಣ ಕೊಡಲಾರದ ಮನೆಯ ಪಾಲನ್ನು ಉಳ್ಳವರು ಭರಿಸುವುದು ದಾನವಲ್ಲ, ತಮ್ಮ ಗೂಡಿಗೆ ಹಾಕಿದ ಬೇಲಿ. ಕಾಯಿಲೆ ಬಿದ್ದಿರುವ ಕೋಳಿಗೂ ಆರು ವಾರ ತುಂಬದ ಮರಿಗೂ ಚುಚ್ಚುಮದ್ದನ್ನು ಹಾಕಬಾರದು. ಹೊಸ ಮರಿಗಳು ಬರುತ್ತಲೇ ಇರುವುದರಿಂದ ಮೂರು ನಾಲ್ಕು ತಿಂಗಳಿಗೊಮ್ಮೆ ಇಂತಹ ದಿನವನ್ನು ಇಟ್ಟುಕೊಳ್ಳಬೇಕಾಗುವುದು.

ರೋಗವು ನೆರೆಯೂರಿನಲ್ಲಿ ಕಾಣಿಸಿದರೆ ‘ಸಾಯುವ ಮುನ್ನ ಮಾರಿಬಿಡೋಣ’ ಎಂದು ಸಂತೆಗೆ ಒಯ್ಯುವುದೂ, ನೆಂಟರ ಮನೆಗೆ ಸಾಗಿಸುವುದೂ ರೋಗವನ್ನು ಹರಡುವ ದಾರಿಗಳು. ಮುಖಂಡರು ಇದನ್ನು ಕಟ್ಟುನಿಟ್ಟಾಗಿ ತಡೆಯಬೇಕು. ಸಂತೆಯಿಂದಲೂ ಜಾತ್ರೆಯಿಂದಲೂ ತಂದ ಕೋಳಿಯನ್ನು ಎರಡು ವಾರ ಬೇರೆಯಾಗಿ ಇಡತಕ್ಕದ್ದು. ಸತ್ತವನ್ನು ಕೆರೆಗೂ ತಿಪ್ಪೆಗೂ ಎಸೆಯದೆ ಮೂರಡಿ ಆಳದಲ್ಲಿ ಸುಣ್ಣ ಹಾಕಿ ಹೂಳತಕ್ಕದ್ದು. ಒಂದೇ ರಾತ್ರಿಯಲ್ಲಿ ಬಹು ಕೋಳಿಗಳು ಸತ್ತಿದ್ದರೆ ಅವುಗಳನ್ನು ಬರಿಗೈಯಿಂದ ಮುಟ್ಟದೆ, ತಿನ್ನದೆ, ಒಡನೆ ಪಶುವೈದ್ಯರಿಗೆ ತಿಳಿಸಬೇಕು. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ನಮ್ಮ ದೇಶಕ್ಕೆ ಮೊದಲು ಕಾಲಿಟ್ಟ ಹಕ್ಕಿಜ್ವರವು ಮನುಷ್ಯರಿಗೂ ಅಪಾಯಕರವಾದುದು.

ಲಸಿಕೆಯ ದಿನ ಕೆಲಸ ಮುಗಿದ ಮೇಲೆ ಉಳಿದ ಔಷಧಿಯನ್ನು ಮರುದಿನಕ್ಕೆಂದು ಇಟ್ಟುಕೊಳ್ಳಕೂಡದು. ಸೀಸೆಗಳನ್ನು ಕುದಿಯುವ ನೀರಿನಲ್ಲಿ ಹಾಕಿ ತೆಗೆದು ಹೂಳಿ, ಸೂಜಿಗಳನ್ನು ವೈದ್ಯಶಾಲೆಗೆ ಹಿಂದಿರುಗಿಸಿ, ಕೋಳಿಗಳನ್ನು ಹಿಡಿದವರೆಲ್ಲರೂ ಕಣ್ಣು ಮುಟ್ಟಿಕೊಳ್ಳುವ ಮುನ್ನ ಸಾಬೂನಿನಿಂದ ಕೈ ತೊಳೆಯತಕ್ಕದ್ದು. ಯಾವ ಮನೆಯಲ್ಲಿ ಎಷ್ಟು ಕೋಳಿಗಳಿಗೆ ಹಾಕಲಾಯಿತೆಂಬುದನ್ನು ಪಂಚಾಯಿತಿಯ ಪುಸ್ತಕದಲ್ಲಿ ಬರೆದಿಟ್ಟರೆ, ಮುಂದಿನ ಸಲ ಎಷ್ಟು ಸೀಸೆಗಳು ಬೇಕೆಂಬುದು ಅದರಿಂದಲೇ ತಿಳಿಯುವುದು.